ಕ್ವೆರಿ ಮಾನಿಟರ್: ಅಪ್‌ಡೇಟ್ ಆದ್ಮೇಲೆ ಡೇಟಾಬೇಸ್ ಎರರ್ ಹುಡುಕೋರಿಗೆ

ವರ್ಡ್‌ಪ್ರೆಸ್ (ವೆಬ್‌ಸೈಟ್ ನಡೆಸೋ ಸಾಫ್ಟ್‌ವೇರ್) ಸೈಟಲ್ಲಿ ಪ್ಲಗಿನ್, ಅಂದ್ರೆ ಹೊಸ ಸೌಲಭ್ಯ ಸೇರ್ಸೋ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದ ತಕ್ಷಣ ಸೈಟೇ ಬಿದ್ದೋದ್ರೆ ಎಷ್ಟೋ ವಾಸಿ, ಯಾವ್ದು ಕೈಕೊಟ್ತು ಅಂತ ಆಗ್ಲೇ ಗೊತ್ತಾಗತ್ತೆ. ನಿಜವಾದ ತಲೆನೋವು ಅಂದ್ರೆ ಸೈಟ್ ಚೆನ್ನಾಗೇ ಓಪನ್ ಆಗ್ತಿರತ್ತೆ, ಆದ್ರೆ ಫಾರ್ಮ್ ತುಂಬಿ ಕಳ್ಸಿದ್ರೆ ಎಂಟ್ರಿ ಸೇವ್ ಆಗಲ್ಲ, ಅಡ್ಮಿನ್‌ನಲ್ಲಿ ಲಿಸ್ಟ್ ಖಾಲಿ, ಸ್ಕ್ರೀನ್ ಮೇಲೆ ಒಂದಕ್ಷರ ಎರರ್ ಇಲ್ಲ. ವರ್ಡ್‌ಪ್ರೆಸ್ ಡೀಬಗ್ ಮೋಡ್ (ತಪ್ಪು ಹುಡುಕಕ್ಕೆ ಇರೋ ಸೆಟ್ಟಿಂಗ್) ಆನ್ ಮಾಡ್ದೆ ಇದ್ರೆ ಡೇಟಾಬೇಸ್ ಎರರ್ ತೋರ್ಸೋದೇ ಇಲ್ಲ. ಇಂಥ ಹೊತ್ತಲ್ಲಿ ನಾನು ಮೊದ್ಲು ಹಾಕೋದು ಕ್ವೆರಿ ಮಾನಿಟರ್, ಜಾನ್ ಬ್ಲ್ಯಾಕ್‌ಬರ್ನ್ ಅವ್ರು ಮಾಡಿರೋ ಫ್ರೀ ಪ್ಲಗಿನ್.

ಆಕ್ಟಿವೇಟ್ ಮಾಡಿದ್ರೆ ಅಡ್ಮಿನ್ ಬಾರಲ್ಲಿ ಪೇಜ್ ಲೋಡ್ ಆಗಕ್ಕೆ ಹಿಡಿದ ಟೈಮು, ಮೆಮೊರಿ, ಎಷ್ಟು ಕ್ವೆರಿ (ಡೇಟಾಬೇಸ್‌ಗೆ ಕಳ್ಸೋ ಆದೇಶ) ಓಡ್ತು ಎಲ್ಲಾ ಬರತ್ತೆ, ಕ್ವೆರಿ ಫೇಲ್ ಆಗಿದ್ರೆ ಅಲ್ಲೇ ಬಣ್ಣ ಬದಲಾಗಿ ಕಣ್ಣಿಗೆ ಬೀಳತ್ತೆ. ಕ್ಲಿಕ್ ಮಾಡಿದ್ರೆ ಫೇಲ್ ಆದ ಕ್ವೆರಿ ಪೂರ್ತಿ, ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಕೊಟ್ಟ ಉತ್ತರ, ಅದನ್ನ ಕರೆದ ಫಂಕ್ಷನ್, ಜೊತೆಗೆ ಅದು ಯಾವ ಪ್ಲಗಿನ್ನಿಂದ ಬಂತು ಅನ್ನೋದು. ಈ ಕೊನೇದಕ್ಕೋಸ್ಕರನೇ ಇದು ಬೇಕು. ಒಂದೊಂದೇ ಪ್ಲಗಿನ್ ಆಫ್ ಮಾಡಿ ನೋಡ್ತಾ ಕೂರೋ ಕೆಲ್ಸ ತಪ್ಪತ್ತೆ.

ಒಂದು ಫಾರ್ಮ್ ಪ್ಲಗಿನ್ ಅಪ್‌ಡೇಟ್ ಆದ್ಮೇಲೆ ಇದ್ರಲ್ಲಿ ಸಿಕ್ಕಿದ್ದು 'ಅನ್‌ನೋನ್ ಕಾಲಮ್' ಅಂತ ಶುರುವಾಗೋ ಎರರ್. ಅಂದ್ರೆ ಕೋಡ್ ಹೊಸದು, ಟೇಬಲ್ ಹಳೇದು, ಹೊಸ ಕೋಡ್ ಕೇಳ್ತಿರೋ ಕಾಲಮ್ ಟೇಬಲ್‌ನಲ್ಲಿ ಇಲ್ವೇ ಇಲ್ಲ. ಯಾಕೆ ಹೀಗಾಗತ್ತೆ ಅಂದ್ರೆ ವರ್ಡ್‌ಪ್ರೆಸ್ 3.1ರಿಂದ ಈಚೆಗೆ ಪ್ಲಗಿನ್ ಅಪ್‌ಡೇಟ್ ಆದಾಗ ಆಕ್ಟಿವೇಶನ್ ಹುಕ್ (ಪ್ಲಗಿನ್ ಆಕ್ಟಿವೇಟ್ ಮಾಡಿದಾಗ ಓಡೋ ಕೋಡ್) ಓಡಲ್ಲ, ಟೇಬಲ್ ಬದಲಾಯಿಸೋ ಕೋಡ್‌ನ ಆ ಹುಕ್‌ನಲ್ಲಿ ಮಾತ್ರ ಇಟ್ಟಿರೋರ ಪ್ಲಗಿನ್ ಹೊಸದಾಗಿ ಹಾಕೋರಿಗೆ ಸರಿಯಾಗೇ ಇರತ್ತೆ, ಅಪ್‌ಡೇಟ್ ಮಾಡಿದೋರಿಗೆ ಮಾತ್ರ ಒಡೆಯತ್ತೆ. ನೆಟ್ಟಗೆ ಬರೆದಿರೋ ಪ್ಲಗಿನ್‌ಗಳು ಸೆಟ್ಟಿಂಗ್‌ಗಳು ಇರೋ ಆಪ್ಷನ್ಸ್ ಟೇಬಲ್‌ನಲ್ಲಿ ತಮ್ಮ ಡೇಟಾಬೇಸ್ ವರ್ಷನ್ ಬರೆದಿಟ್ಟು, ಅದು ಹಳೇದಾಗಿದ್ರೆ ತಾವೇ ಟೇಬಲ್ ಸರಿ ಮಾಡ್ಕೊಳ್ತವೆ. ಆ ಫಾರ್ಮ್ ಪ್ಲಗಿನ್ನ ಡಿಆಕ್ಟಿವೇಟ್ ಮಾಡಿ ಮತ್ತೆ ಆಕ್ಟಿವೇಟ್ ಮಾಡಿದ್ಮೇಲೆ ಕಾಲಮ್ ಬಂತು, ಎಂಟ್ರಿ ಸೇವ್ ಆಗಕ್ಕೆ ಶುರುವಾಯ್ತು. ದಯವಿಟ್ಟು ಗಮನ ಇಡಿ, ಡಿಲೀಟ್ ಒತ್ತಬೇಡಿ, ಎಷ್ಟೋ ಪ್ಲಗಿನ್ ಡಿಲೀಟ್ ಮಾಡಿದಾಗ ತಮ್ಮ ಟೇಬಲ್‌ಗಳನ್ನೂ ಅಳಿಸಿ ಹೋಗ್ತವೆ, ಅದಕ್ಕೇ ಮೊದ್ಲು ಡೇಟಾಬೇಸ್ ಬ್ಯಾಕಪ್ ತಗೊಳ್ಳಿ.

ಕೊರತೆನೂ ಇದೆ. ಇದು ತೋರ್ಸೋದು ಆಗ ಲೋಡ್ ಆದ ಪೇಜ್‌ನ ಕಥೆ ಮಾತ್ರ, ಹಿಂದಿನದು ಏನೂ ಉಳಿಯಲ್ಲ. ಉದಾಹರಣೆಗೆ ಡೇಟಾಬೇಸ್ ಯೂಸರ್‌ಗೆ ಆಲ್ಟರ್ ಪರ್ಮಿಷನ್ (ಟೇಬಲ್ ಬದಲಾಯಿಸೋ ಅನುಮತಿ) ಇಲ್ದೆ ಇದ್ರೆ ಅಪ್‌ಡೇಟ್ ಆದ್ಮೇಲಿನ ಮೊದಲ ಲೋಡ್‌ನಲ್ಲೇ ಟೇಬಲ್ ಬದಲಾಗದೆ ಫೇಲ್ ಆಗತ್ತೆ, ಕೆಲವು ಪ್ಲಗಿನ್ ಅದನ್ನ ನೋಡ್ದೆ ಹೊಸ ವರ್ಷನ್ ನಂಬರ್ ಬರೆದುಬಿಡ್ತವೆ, ಆಮೇಲೆ ನೀವು ಎಷ್ಟು ರೀಲೋಡ್ ಮಾಡಿದ್ರೂ ಮೂಲ ಎರರ್ ಸಿಗಲ್ಲ, ಅದ್ರ ಪರಿಣಾಮ ಮಾತ್ರ ಕಾಣ್ಸತ್ತೆ. ನಿಗದಿಯಾದ ಹೊತ್ತಿಗೆ ಹಿನ್ನೆಲೆಯಲ್ಲಿ ಓಡೋ ಕ್ರಾನ್ ಕೆಲಸಗಳಿಗೂ ಇದೇ ಪಾಡು. ಅದಕ್ಕೆಲ್ಲ ಡೀಬಗ್ ಲಾಗ್ ಆನ್ ಮಾಡಿಟ್ಟು ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರ್‌ನಲ್ಲಿ ಬರೋ ಲಾಗ್ ಫೈಲ್ ಓದ್ಲೇಬೇಕು. ಸೈಟೇ ಡೇಟಾಬೇಸ್‌ಗೆ ಕನೆಕ್ಟ್ ಆಗ್ತಿಲ್ಲ ಅಂದ್ರೂ ಕ್ವೆರಿ ಮಾನಿಟರ್ ಉಪಯೋಗಕ್ಕೆ ಬರಲ್ಲ, ಅಲ್ಲಿ ನೋಡ್ಬೇಕಾಗಿರೋದು ಕಾನ್ಫಿಗ್ ಫೈಲು ಮತ್ತು ಸರ್ವರ್ರು.

ಇನ್ನೊಂದು ವಿಷ್ಯ, ಕ್ವೆರಿ ಯಾವ ಪ್ಲಗಿನ್ನಿಂದ ಬಂತು ಅಂತ ಹೇಳಕ್ಕೆ ಇದು ಡಬ್ಲ್ಯೂಪಿ-ಕಂಟೆಂಟ್‌ನಲ್ಲಿ ಡಿಬಿ ಡಾಟ್ ಪಿಎಚ್‌ಪಿ ಅನ್ನೋ ಹೆಸರಲ್ಲಿ ಸಿಮ್‌ಲಿಂಕ್ (ತನ್ನ ಫೈಲ್‌ಗೆ ಕೊಂಡಿ) ಹಾಕತ್ತೆ. ಕೆಲವು ಹೋಸ್ಟಿಂಗ್‌ನಲ್ಲಿ ಅದಕ್ಕೆ ಬಿಡಲ್ಲ, ಇಲ್ಲಾಂದ್ರೆ ಬೇರೆ ಪ್ಲಗಿನ್ ಆ ಜಾಗದಲ್ಲಿ ಮೊದ್ಲೇ ತನ್ನ ಫೈಲ್ ಇಟ್ಟಿರತ್ತೆ, ಆಗ ಆ ವಿವರನೇ ಬರಲ್ಲ, ಅರ್ಧ ಉಪಯೋಗ ಅಲ್ಲೇ ಹೋಯ್ತು. ಹಾಕಿದ ಮೇಲೆ ಇದೊಂದು ಚೆಕ್ ಮಾಡ್ಕೊಳ್ಳಿ.

ಲೈವ್ ಸೈಟಲ್ಲಿ ಕೆಲ್ಸ ಮುಗಿದ್ಮೇಲೆ ನಾನು ಇದನ್ನ ಡಿಆಕ್ಟಿವೇಟ್ ಮಾಡಿಡ್ತೀನಿ, ಪ್ರತಿ ಕ್ವೆರಿ ಎಲ್ಲಿಂದ ಬಂತು ಅಂತ ಹಿಡಿದಿಡೋದ್ರಿಂದ ಮೆಮೊರಿ ಜಾಸ್ತಿ ತಿನ್ನತ್ತೆ. ಸ್ಟೇಜಿಂಗ್ ಸೈಟಲ್ಲಿ (ಪರೀಕ್ಷೆಗೆ ಇಟ್ಟಿರೋ ನಕಲು ಸೈಟ್) ಯಾವಾಗ್ಲೂ ಆನ್, ಅಪ್‌ಡೇಟ್ ಮೊದ್ಲು ಅಲ್ಲೇ ಓಡ್ಸೋದು.