ಆರು ಚುಕ್ಕೆ ಐದಾದ ಚಿತ್ರಪಟ: ಸರಸ್ವತೀಪುರಂನ ಒಂದು ಮುದ್ರಣದಂಗಡಿ

ಬ್ರಿಟನ್ನಿನ ಕರಾವಳಿ ಹುಲ್ಲುಗಾವಲುಗಳಲ್ಲಿ ಹಗಲಿನಲ್ಲೇ ಹಾರಾಡುವ ಬರ್ನೆಟ್ ಪತಂಗಗಳ ಚಿತ್ರಪಟವೊಂದನ್ನು ಮಕ್ಕಳ ಪ್ರದರ್ಶನಕ್ಕಾಗಿ ಮೈಸೂರಿನ ಸರಸ್ವತೀಪುರಂನ ಅಂಗಡಿಯೊಂದರಲ್ಲಿ ಮುದ್ರಣ ಮಾಡಿಸಿದೆ. ಕಾಗದ ದಪ್ಪವಾಗಿದೆ, ಲ್ಯಾಮಿನೇಶನ್ನಿನಲ್ಲಿ ಒಂದು ಗುಳ್ಳೆಯೂ ಇಲ್ಲ, ಕನ್ನಡದ ಒತ್ತಕ್ಷರಗಳೂ ಒಡೆದಿಲ್ಲ.

ತಕರಾರು ಬಣ್ಣದ್ದು. ಈ ಪತಂಗಗಳ ಕಪ್ಪು ಮುಂರೆಕ್ಕೆಯ ಮೇಲಿನ ಕೆಂಪು ಚುಕ್ಕೆಗಳ ಎಣಿಕೆಯೇ ಪ್ರಭೇದ ಗುರುತಿಸಲು ಮೊದಲ ಸುಳಿವು; ಮೊದಲ ಪ್ರತಿಯಲ್ಲಿ ಶಾಯಿ ಹರಡಿ ಹೊರಅಂಚಿನ ಎರಡು ಚುಕ್ಕೆಗಳು ಒಂದಾದುದರಿಂದ, ಆರು ಚುಕ್ಕೆಯ ಜೈಜೀನಾ ಫಿಲಿಪೆಂಡ್ಯುಲೇ ತನ್ನ ಐದು ಚುಕ್ಕೆಯ ದಾಯಾದಿಯಂತೆ ಕಾಣುತ್ತಿತ್ತು. (ನಿಸರ್ಗದಲ್ಲೂ ಅವು ಕೆಲವೊಮ್ಮೆ ಕೂಡಿಕೊಳ್ಳುತ್ತವೆ, ಅದು ಬೇರೆ ಮಾತು.) ಕೆಂಪಂತೂ ಕಿತ್ತಳೆಯಾಗಿತ್ತು. ಮೈಯೊಳಗೆ ಸಯನೈಡ್ ಹೊಮ್ಮಿಸುವ ವಿಷವಿದೆಯೆಂದು ಹಕ್ಕಿಗಳನ್ನು ಎಚ್ಚರಿಸುವ ಬಣ್ಣವನ್ನು ಹಾಗೆ ತೆಳುವಾಗಿಸಿದರೆ ಪಟದ ಉದ್ದೇಶವೇ ಕೆಡುತ್ತದೆ.

ಮಾಲೀಕರು ವಾದಕ್ಕಿಳಿಯದೆ, ದೇವರ ಪಟದ ಮುಂದಿದ್ದ ಕುಂಕುಮದ ಬಟ್ಟಲನ್ನೇ ಕಂಪ್ಯೂಟರ್ ಪರದೆಯ ಪಕ್ಕಕ್ಕೆ ಹಿಡಿದು ಕೆಂಪನ್ನು ಹೊಂದಿಸಿ, ಎರಡನೆಯ ಪ್ರತಿಯನ್ನು ಹಣ ಪಡೆಯದೆ ಕೊಟ್ಟರು. ಬ್ರಿಟನ್ನಿನ ಮಟ್ಟಿಗೆ ಸ್ಕಾಟ್ಲೆಂಡಿನ ಆರ್ಗೈಲ್ ತೀರದಲ್ಲಷ್ಟೇ ಉಳಿದಿರುವ ಜೈಜೀನಾ ವಿಸಿಯೇ ಎಂಬ ಇನ್ನೊಂದು ಪ್ರಭೇದದ ಐದು ಚುಕ್ಕೆಗಳು ಈಗ ಸ್ಪಷ್ಟವಾಗಿವೆ. ಮರಿಹುಳುಗಳು ಮೇಯುವ ಲೋಟಸ್ ಕಾರ್ನಿಕ್ಯುಲೇಟಸ್ ಗಿಡದ ಹಳದಿ ಹೂವು ಮಾತ್ರ ಇನ್ನೂ ಮಾಸಲಾಗಿಯೇ ಇದೆ.