ಬಾಯಿಗೆ ಅಂಟಿಸುವ ಪಟ್ಟಿ: 14 ತಿಂಗಳ ನಂತರ ನನ್ನ ಲೆಕ್ಕ

ರಾಯಚೂರಿನ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು ನಾನು. ದಿನವಿಡೀ ತೌಡು, ಹೊಟ್ಟಿನ ಧೂಳು. ಬಾಯಿ ತೆರೆದು ಮಲಗುವ ಚಾಳಿ ಯಾವಾಗ ಹತ್ತಿತೋ ಗೊತ್ತಿಲ್ಲ. ಬೆಳಗ್ಗೆ ಏಳುವಾಗ ನಾಲಿಗೆ ಒಣ ಕಟ್ಟಿಗೆಯಂತಿರುತ್ತಿತ್ತು. ದಿಂಬಿನ ಪಕ್ಕ ತಂಬಿಗೆ ನೀರು ಬೇಕೇ ಬೇಕು. ಅದನ್ನು ಕುಡಿದ ತಪ್ಪಿಗೆ ರಾತ್ರಿ ಎರಡು ಸಲ ಏಳಬೇಕು. ಹುಳುಕು ಹಲ್ಲು ತೋರಿಸಲು ಹೋದಾಗ ಡಾಕ್ಟರು, "ಬಾಯಿ ತೆರೆದು ಮಲಗ್ತೀರೇನು?" ಅಂತ ಕೇಳಿದರು. ಬಾಯಿ ಒಣಗಿದರೆ ಹಲ್ಲು ಕಾಯಲು ಜೊಲ್ಲೇ ಇರುವುದಿಲ್ಲವಂತೆ.

ನಿದ್ದೆಯಲ್ಲಿ ಬಾಯಿ ತೆರೆಯದೆ ಮೂಗಿನಿಂದಲೇ ಉಸಿರಾಡುವಂತೆ ತುಟಿಗೆ ಅಂಟಿಸುವ ಪಟ್ಟಿಯನ್ನು ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿ ತರಿಸಿದೆ. 30 ಪಟ್ಟಿಗೆ 499 ರೂಪಾಯಿ. ತುಟಿಗಳ ಆಕಾರಕ್ಕೇ ಕತ್ತರಿಸಿದ ಕಪ್ಪು ಪಟ್ಟಿ. ಮೊದಲ ರಾತ್ರಿ ಹಚ್ಚಿಕೊಂಡು ಕೋಣೆಗೆ ಹೋದರೆ ನಮ್ಮ ಮನೆಯವಳು, "ಏನ್ರೀ ಇದು, ಕಳ್ಳರು ಬಂದು ಬಾಯಿ ಕಟ್ಟಿ ಹೋದಂಗ ಕಾಣ್ತೀರಿ" ಅಂದಳು. ನಗಲೂ ಆಗಲಿಲ್ಲ, ಬಾಯಿ ಅಂಟಿತ್ತಲ್ಲ. ಅರ್ಧ ಗಂಟೆಯಲ್ಲಿ ಉಸಿರು ಕಟ್ಟಿದಂತಾಗಿ ಕಿತ್ತು ಎಸೆದೆ. ಕೀಳುವಾಗ ಮೀಸೆಯ ಒಂದಷ್ಟು ಕೂದಲೂ ಬಂದವು. ಆ ಜಾಹೀರಾತಿನಲ್ಲಿ ಒಬ್ಬನಿಗೂ ಮೀಸೆ ಇರಲಿಲ್ಲ, ಆಮೇಲೆ ಗಮನಿಸಿದೆ. ಹನ್ನೊಂದನೇ ಪಟ್ಟಿಯ ಹೊತ್ತಿಗೆ ತುಟಿಯ ಸುತ್ತ ಕೆಂಪಗೆ ತುರಿಕೆ. ಅಲ್ಲಿಗೆ ಬಿಟ್ಟೆ.

ತಪ್ಪು ಪಟ್ಟಿಯದಷ್ಟೇ ಅಲ್ಲ. ನನ್ನ ಮೂಗೇ ಕಟ್ಟಿತ್ತು. ಬಾಗಿಲು ಮುಚ್ಚುವ ಮೊದಲು ಕಿಟಕಿ ತೆರೆದಿದೆಯಾ ಅಂತ ನೋಡಬೇಕಲ್ವಾ? ನಾನು ನೋಡಿರಲಿಲ್ಲ. ಮೂಗು ಕಟ್ಟಿದಾಗಲೆಲ್ಲ ಎರಡು ಹನಿ ಬಿಟ್ಟುಕೊಳ್ಳುವ ಔಷಧಿ ತಿಂಗಳುಗಟ್ಟಲೆ ನಡೆದಿತ್ತು. ಐದು ನಿಮಿಷದಲ್ಲಿ ಮೂಗು ಬಿಚ್ಚುತ್ತದೆ, ಹಾಗಾಗಿ ಬಿಡಲು ಮನಸ್ಸು ಬರುವುದಿಲ್ಲ. ಕಿವಿ-ಮೂಗು-ಗಂಟಲು ಡಾಕ್ಟರು ಬಾಟಲಿ ನೋಡಿದವರೇ ತಲೆ ಅಲ್ಲಾಡಿಸಿದರು. ಇಂಥ ಹನಿಯನ್ನು ಮೂರರಿಂದ ಐದು ದಿನಕ್ಕಿಂತ ಜಾಸ್ತಿ ಹಾಕಬಾರದು. ಹಾಕಿದರೆ ಔಷಧಿ ಇಳಿದಂತೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಅಂದರೆ ನಾನು ಯಾವುದನ್ನು ಮದ್ದು ಅಂದುಕೊಂಡಿದ್ದೆನೋ ಅದೇ ರೋಗವಾಗಿತ್ತು. ಬಿಟ್ಟ ಮೇಲೆ ಹತ್ತು ದಿನ ನರಕ, ಕುರ್ಚಿಯಲ್ಲಿ ಕೂತೇ ನಿದ್ದೆ. ಬದಲಿಗೆ ಅವರು ಬೇರೆ ಸ್ಪ್ರೇ ಕೊಟ್ಟರು. ಅದು ಹೊಡೆದ ಕೂಡಲೇ ಏನೂ ಮಾಡುವುದಿಲ್ಲ, ದಿನಾ ತಪ್ಪದೆ ಹಾಕಬೇಕು. ನನಗೆ ಎರಡು ವಾರ ಹಿಡಿಯಿತು.

ಜೊತೆಗೆ ಜಲನೇತಿ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದು. ಗಿರಣಿಯಿಂದ ಬಂದ ಮೇಲೆ ಒಂದು ಲೋಟ, ಸುಮಾರು 250 ಮಿಲಿ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು. ಉಪ್ಪು ಕಡಿಮೆಯಾದರೆ ಮೂಗು ಉರಿಯುತ್ತದೆ. ನಲ್ಲಿ ನೀರು ಮಾತ್ರ ಬೇಡವೇ ಬೇಡ, ಕುದಿಸಿ ಆರಿಸಿದ್ದೇ ಆಗಬೇಕು. ಮಿದುಳಿಗೇ ಹೋಗುವ ಅಮೀಬಾ ಮೂಗಿನ ದಾರಿಯಲ್ಲೇ ಒಳಹೊಗುವುದು. ಮೊದಲ ದಿನ ಹೊರಬಂದ ನೀರಿನ ಬಣ್ಣ ನೋಡಿ ನನಗೇ ಅಸಹ್ಯವಾಯಿತು.

ಇನ್ನೊಂದು ಕಳ್ಳ ಮನೆಯಲ್ಲೇ ಇದ್ದ: ಕೂಲರ್. ಏಪ್ರಿಲ್, ಮೇನಲ್ಲಿ 42 ಡಿಗ್ರಿ ಕಾಯುವ ಊರಿನಲ್ಲಿ ಕೂಲರ್ ಇಲ್ಲದೆ ಮಲಗು ಅಂದರೆ ಆಗುತ್ತಾ? ಹಿಂದಿನ ವರ್ಷದ ಹುಲ್ಲನ್ನೇ ಬಿಟ್ಟಿದ್ದೆವು. ಬೂಷ್ಟು ಹಿಡಿದ ಆ ಹುಲ್ಲಿನ ಗಾಳಿ ರಾತ್ರಿಯಿಡೀ ನೇರ ನನ್ನ ಮುಖಕ್ಕೆ. ಹುಲ್ಲು ಬದಲಿಸಿ, ವಾರಕ್ಕೊಮ್ಮೆ ತೊಟ್ಟಿ ತೊಳೆದು, ಮುಖ ತಪ್ಪಿಸಿ ಇಟ್ಟೆವು. ಬೆಳಗಿನ ಸೀನು ಅರ್ಧಕ್ಕರ್ಧ ಹೋಯಿತು.

ಇಷ್ಟಾದ ಮೇಲೆ ಮತ್ತೆ ಪಟ್ಟಿಗೆ ಬಂದೆ. ಈ ಸಲ ತೀನ್ ಕಂದೀಲ್ ಹತ್ತಿರದ ಮೆಡಿಕಲ್ ಶಾಪಿನಿಂದ ಒಂದಿಂಚು ಅಗಲದ ಮೈಕ್ರೋಪೋರ್ ಟೇಪು, ಗಾಯದ ಬ್ಯಾಂಡೇಜಿಗೆ ಅಂಟಿಸುವ ಕಾಗದದಂಥದ್ದು. ಬಾಯಿ ಪೂರ್ತಿ ಮುಚ್ಚುವುದಿಲ್ಲ. ಐದು ಸೆಂಟಿಮೀಟರ್ ತುಂಡನ್ನು ಬಾಯಿಯ ನಡುಮಧ್ಯೆ, ಮೇಲ್ದುಟಿಯಿಂದ ಕೆಳದುಟಿಗೆ ನೆಟ್ಟಗೆ ಅಂಟಿಸುವುದು. ಎರಡೂ ಬದಿ ಸಂದಿ ಉಳಿಯುತ್ತದೆ, ಕೆಮ್ಮಿದರೆ ತಾನೇ ಬಿಚ್ಚುತ್ತದೆ. 9 ಮೀಟರ್ ಸುರುಳಿಯಲ್ಲಿ ಸುಮಾರು 180 ತುಂಡು. ನಾನು ಕೊಟ್ಟದ್ದು 75 ರೂಪಾಯಿ, ರಾತ್ರಿಗೆ ಅರ್ಧ ರೂಪಾಯಿಯೂ ಬೀಳುವುದಿಲ್ಲ. ಆ ಕಪ್ಪು ಪಟ್ಟಿಗೆ ರಾತ್ರಿಗೆ ಸುಮಾರು ಹದಿನಾರೂವರೆ ರೂಪಾಯಿ ಬಿದ್ದಿತ್ತು.

ಬದಲಾದದ್ದು ಏನು? ತಂಬಿಗೆ ಅಡುಗೆಮನೆಗೆ ವಾಪಸ್ ಹೋಯಿತು. ಬೆಳಗಿನ ಬಾಯಿ ವಾಸನೆ ಕಡಿಮೆ. ರಾತ್ರಿ ಏಳುವುದು ಹೆಚ್ಚೆಂದರೆ ಒಂದು ಸಲ. ಗೊರಕೆ ಪೂರ್ತಿ ನಿಂತಿಲ್ಲ, ಅಂಗಾತ ಮಲಗಿದರೆ ಈಗಲೂ ಇದೆ. "ಮೊದಲು ಗಿರಣಿ, ಈಗ ಬರೀ ಮಿಕ್ಸಿ" ಅನ್ನುವುದು ಮನೆಯವಳ ತೀರ್ಪು. ಪಟ್ಟಿ ಹಾಕಿದರೆ ದವಡೆ ಚೂಪಾಗುತ್ತದೆ ಅಂತ ಜಾಹೀರಾತು ಹೇಳಿತ್ತು. ನನ್ನ ದವಡೆ ನಮ್ಮಪ್ಪನ ದವಡೆ, ಹಾಗೇ ಇದೆ. ಮತ್ತೆ, ಒಂದು ಹೊಳ್ಳೆ ಕಟ್ಟಿ ಇನ್ನೊಂದು ಬಿಚ್ಚಿರುತ್ತದೆ, ಕೆಲವು ಗಂಟೆಗೆ ಅದಲುಬದಲಾಗುತ್ತದೆ. ಅದು ಮೂಗಿನ ಸ್ವಭಾವ, ಅದಕ್ಕೆ ಹೆದರಬೇಡಿ. ನಾನು ಸುಮ್ನೆ ಹೆದರಿ ಹನಿ ಹಾಕಿದ್ದವನು. ಎರಡೂ ಕಟ್ಟಿದ ದಿನ, ನೆಗಡಿಯ ದಿನ, ಪಟ್ಟಿಗೆ ರಜೆ.

ನನ್ನ ನೋಡಿ ನಮ್ಮ ಲಾರಿ ಡ್ರೈವರ್ ಒಬ್ಬರು ತಾವೂ ಹಾಕುತ್ತೇನೆ ಅಂದರು. ದಪ್ಪ ಕುತ್ತಿಗೆ, ಬಿ.ಪಿ., ಗಂಜ್‌ನಲ್ಲಿ ಲೋಡ್ ಆಗುವಷ್ಟರಲ್ಲಿ ಸ್ಟೇರಿಂಗ್ ಮೇಲೇ ನಿದ್ದೆ. ಗೊರಕೆಯ ನಡುವೆ ಉಸಿರು ನಿಂತು ಗಕ್ಕನೆ ಶುರುವಾಗುತ್ತದೆ ಅಂತ ಅವರ ಹೆಂಡತಿ ಹೇಳುತ್ತಿದ್ದರಂತೆ. ನನ್ನ ಡಾಕ್ಟರು ಮೊದಲು ಕೇಳಿದ್ದೇ ಇದನ್ನು. ನನಗೆ ಅದಿರಲಿಲ್ಲ, ಅದಕ್ಕೇ ಪಟ್ಟಿಗೆ ಹೂಂ ಅಂದದ್ದು. "ಅಣ್ಣಾ, ನಿಮಗ ಪಟ್ಟಿ ಬ್ಯಾಡ, ಮೊದಲು ನಿದ್ದಿ ಪರೀಕ್ಷೆ ಮಾಡಿಸ್ರಿ" ಅಂದೆ. ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ ಅಂತ ಬಂತು. ಈಗ ರಾತ್ರಿ ಮಾಸ್ಕ್ ಹಾಕಿ ಗಾಳಿ ಒತ್ತುವ ಮೆಷಿನ್ ಇಟ್ಟುಕೊಂಡು ಮಲಗುತ್ತಾರೆ. ಅಂಥವರು ಬಾಯಿ ಮುಚ್ಚಿದ್ದರೆ ಅಪಾಯವೇ ಆಗಬಹುದಿತ್ತು.

ಸ್ಟಾರ್ ಕೇಳಿದರೆ ಟೇಪಿಗೆ ಮೂರು, ಉಪ್ಪುನೀರಿಗೆ ಐದು. ಎರಡನೇ ಸುರುಳಿ ಇನ್ನೂ ಅರ್ಧ ಉಳಿದಿದೆ, ಏಕೆಂದರೆ ಈಚೆಗೆ ಎಷ್ಟೋ ರಾತ್ರಿ ಹಚ್ಚಲು ಮರೆಯುತ್ತೇನೆ, ಆದರೂ ಬೆಳಗ್ಗೆ ನಾಲಿಗೆ ಹಸಿಯಾಗಿಯೇ ಇರುತ್ತದೆ. 499ರ ಡಬ್ಬಿಯಲ್ಲಿ ಇನ್ನೂ 19 ಕಪ್ಪು ಪಟ್ಟಿ ಇದ್ದವು. ಮಗಳು ನೋಟ್‌ಬುಕ್ಕಿನ ಹರಿದ ಹಾಳೆಗೆ ಅಂಟಿಸುತ್ತಿದ್ದಾಳೆ, ಗಟ್ಟಿಯಾಗಿ ಹಿಡಿಯುತ್ತದೆ.