108ಗೆ ಫೋನ್ ಮಾಡೋದಾ, ಪ್ರೈವೇಟ್ ಆಂಬುಲೆನ್ಸಾ, ಕಾರಲ್ಲೇ ಹೋಗೋದಾ?

ಮನೇಲಿ ವಯಸ್ಸಾದವ್ರು ಇದ್ರೆ ಇದನ್ನ ಇವತ್ತೇ ಮಾತಾಡ್ಕೊಂಡು ಇಟ್ಕೊಳ್ಳಿ, ಎಮರ್ಜೆನ್ಸಿ ಹೊತ್ತಲ್ಲಿ ಯಾರಿಗೂ ತಲೆ ಓಡಲ್ಲ.

108 ಅಂದ್ರೆ ಆರೋಗ್ಯ ಕವಚ, ಕರ್ನಾಟಕದಲ್ಲಿ 2008ರಿಂದ ಇದೆ, ಒಂದು ರೂಪಾಯಿನೂ ಕೊಡ್ಬೇಕಿಲ್ಲ, ಡ್ರೈವರ್ ಜೊತೆ ಟ್ರೈನಿಂಗ್ ಆಗಿರೋ ಇಎಂಟಿ, ಅಂದ್ರೆ ತುರ್ತು ಚಿಕಿತ್ಸೆ ಕೊಡೋ ಸಿಬ್ಬಂದಿ ಒಬ್ರು ಬರ್ತಾರೆ, ಆಕ್ಸಿಜನ್ ಹಾಕ್ತಾರೆ, ರಕ್ತ ಸುರೀತಿದ್ರೆ ಒತ್ತಿ ಹಿಡಿದು ಬಿಗಿಯಾಗಿ ಕಟ್ತಾರೆ, ಮೂಳೆ ಮುರಿದಿದ್ರೆ ಅಲ್ಲಾಡದ ಹಾಗೆ ಸ್ಪ್ಲಿಂಟ್ ಕಟ್ಟಿ ಆಮೇಲೇ ಎತ್ತೋದು. ಆಕ್ಸಿಡೆಂಟು, ಹೆರಿಗೆ ನೋವು ಅಂದ್ರೆ ನಾನಂತೂ ಕಣ್ಣು ಮುಚ್ಕೊಂಡು ಇದನ್ನೇ ಹೇಳ್ತೀನಿ.

ಪ್ರೈವೇಟ್ ಆದ್ರೆ ನಿಮ್ ಡಾಕ್ಟ್ರು ಇರೋ ಆಸ್ಪತ್ರೆಗೇ ಕರ್ಕೊಂಡು ಹೋಗ್ತಾರೆ, ಹಳೇ ಫೈಲೆಲ್ಲ ಅಲ್ಲೇ ಇರತ್ತೆ, ಆದ್ರೆ ದುಡ್ಡು ಕೊಡ್ಬೇಕು, ಮತ್ತೆ ಬುಕ್ ಮಾಡೋವಾಗ್ಲೇ ಬಿಎಲ್‌ಎಸ್ಸಾ (ಬೇಸಿಕ್ ಲೈಫ್ ಸಪೋರ್ಟ್) ಎಎಲ್‌ಎಸ್ಸಾ (ಅಡ್ವಾನ್ಸ್ಡ್ ಲೈಫ್ ಸಪೋರ್ಟ್) ಅಂತ ಕೇಳ್ಲೇಬೇಕು. ಎಎಲ್‌ಎಸ್ ಗಾಡೀಲಿ ಹಾರ್ಟ್ ಮಾನಿಟರ್, ಶಾಕ್ ಕೊಡೋ ಡಿಫಿಬ್ರಿಲೇಟರ್, ವೆಂಟಿಲೇಟರ್ ಇರತ್ತೆ. ಎದೆನೋವು, ಬೆವರು, ಎಡಗೈ ಸೆಳೆತ ಅಂದ್ರೆ ಅದೇ ಬೇಕು ಯಾಕಂದ್ರೆ ದಾರೀಲೇ ಹಾರ್ಟ್ ನಿಂತ್ರೆ ಕಾಯೋಕೆ ಟೈಮ್ ಇರಲ್ಲ. 108ರಲ್ಲೂ ಎಎಲ್‌ಎಸ್ ಗಾಡಿಗಳಿವೆ, ಅದಕ್ಕೇ ಫೋನ್ ಎತ್ತಿದ ತಕ್ಷಣ ಎದೆನೋವು ಅಂತ ಸ್ಪಷ್ಟವಾಗಿ ಹೇಳಿ.

ಕಾರು? ಸ್ಟ್ರೋಕ್ ಆಗಿ ಮುಖ ಸೊಟ್ಟಗಾಗಿ ಮಾತು ತೊದಲ್ತಿದ್ದು ಆಂಬುಲೆನ್ಸ್ ಬರೋಕೆ ತುಂಬ ಹೊತ್ತಾಗತ್ತೆ ಅಂದ್ರೆ ಕಾರಲ್ಲೇ ಹೊರಡಿ, ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ನ ಸ್ಟ್ರೋಕ್ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆ ಒಳಗೇ ಕೊಡ್ಬೇಕು, ಸಿಟಿ ಸ್ಕ್ಯಾನ್ ಇಲ್ಲದ ನರ್ಸಿಂಗ್ ಹೋಮಲ್ಲಿ ನಿಲ್ಲಿಸ್ಲೇಬೇಡಿ. ಕತ್ತು, ಬೆನ್ನಿಗೆ ಪೆಟ್ಟು ಬಿದ್ದಿದ್ರೆ ಮಾತ್ರ ಕಾರು ಬೇಡ್ವೇ ಬೇಡ, ಹಿಂದಿನ ಸೀಟಲ್ಲಿ ಮಡಚಿ ಕೂರಿಸಿದ್ರೆ ಬೆನ್ನುಹುರಿಗೇ ಏಟಾಗಬಹುದು.